ಉಪ್ಪಿನ ರಸ್ತೆಯ ಊರಿನಲ್ಲಿ ಸಣ್ಣ ಕಾರು: ಟಚ್‌ಲೆಸ್ ಕಾರ್ ವಾಶ್‌ಗೆ ಹೋಗುವ ಮುನ್ನ

ಅಮೆರಿಕದ ಮಿಶಿಗನ್ ರಾಜ್ಯದ ಡೆಟ್ರಾಯಿಟ್ ಸುತ್ತಲಿನ ಟ್ರಾಯ್, ನೋವೈ, ಫಾರ್ಮಿಂಗ್‌ಟನ್ ಹಿಲ್ಸ್‌ಗಳಿಗೆ ಕೆಲಸಕ್ಕೆಂದು ಬರುವ ನಮ್ಮವರಲ್ಲಿ ಹೆಚ್ಚಿನವರು ಮೊದಲಿಗೆ ಕೊಳ್ಳುವುದು ಸೆಕೆಂಡ್ ಹ್ಯಾಂಡ್ ಸಣ್ಣ ಕಾರನ್ನು. ವಿಮೆ ಮಾಡಿಸಿಕೊಂಡು, ಟೈಟಲ್ (ಒಡೆತನದ ಪತ್ರ) ಮತ್ತು ನಂಬರ್ ಪ್ಲೇಟಿಗಾಗಿ, ನಮ್ಮ ಆರ್‌ಟಿಒದಂಥ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ಹೋಗಿಬಂದರೆ ಕಾಗದಪತ್ರದ ಕೆಲಸ ಮುಗಿಯಿತು. ಅದನ್ನು ಯಾರು ಬೇಕಾದರೂ ಹೇಳಿಕೊಡುತ್ತಾರೆ. ಆ ಕಾರನ್ನು ಚಳಿಗಾಲದಲ್ಲಿ ತೊಳೆಯುವುದು ಹೇಗೆಂದು ಮಾತ್ರ ಯಾರೂ ಹೇಳುವುದಿಲ್ಲ.

ಡೆಟ್ರಾಯಿಟ್ ನಗರದ ಕೆಳಗೆ, ಸಾವಿರ ಅಡಿಗೂ ಹೆಚ್ಚಿನ ಆಳದಲ್ಲಿ, ಉಪ್ಪಿನ ಗಣಿಯೇ ಇದೆ. ಹಿಮ ಬೀಳುವ ತಿಂಗಳುಗಳಲ್ಲಿ ಇಲ್ಲಿನ ರಸ್ತೆಗಳ ಮೇಲೆ ಉಪ್ಪನ್ನು ಲೆಕ್ಕವಿಲ್ಲದೆ ಸುರಿಯುತ್ತಾರೆ. ಕರಗಿದ ಹಿಮದೊಡನೆ ಸೇರಿದ ಆ ಉಪ್ಪುನೀರು ಕಾರಿನ ತಳಕ್ಕೆ, ಬ್ರೇಕಿನ ಪೈಪುಗಳಿಗೆ, ಬಾಗಿಲಿನ ಕೆಳ ಅಂಚಿಗೆ ಅಂಟಿಕೊಂಡು, ಹೊರಗಿನ ಬಣ್ಣ ಚೆನ್ನಾಗಿಯೇ ಕಾಣುತ್ತಿರುವಾಗ ಒಳಗಿನಿಂದ ತುಕ್ಕು ಹಿಡಿಸುತ್ತದೆ. ಮಿಶಿಗನ್‌ನಲ್ಲಿ ವರ್ಷಕ್ಕೊಮ್ಮೆ ವಾಹನ ತಪಾಸಣೆ ಮಾಡಿಸಬೇಕೆಂಬ ಕಡ್ಡಾಯವಿಲ್ಲದ ಕಾರಣ, ತಳ ಕೊಳೆತಿದೆಯೆಂದು ಎಚ್ಚರಿಸುವವರೂ ಇಲ್ಲ. ಆದುದರಿಂದ ಚಳಿಗಾಲದಲ್ಲಿ ಎರಡು ವಾರಕ್ಕೊಮ್ಮೆಯಾದರೂ ಕಾರ್ ವಾಶ್‌ನಲ್ಲಿ ತೊಳೆಯಿಸಿ, ಹಣ ಕೊಡುವ ಫಲಕದ ಮುಂದೆ ತಳ ತೊಳೆಯುವ ಸೌಲಭ್ಯವಿರುವ ಆಯ್ಕೆಯನ್ನೇ ಒತ್ತಿರಿ. ಬಣ್ಣಬಣ್ಣದ ನೊರೆ, ಮೇಣ ಎಂದೆಲ್ಲ ಬೆಲೆ ಏರಿಸುವ ದುಬಾರಿ ಆಯ್ಕೆಗಳನ್ನು ಬಿಟ್ಟರೆ ನಷ್ಟವೇನಿಲ್ಲ.

ಮನೆಯ ಮುಂದೆಯೇ ಬಕೆಟ್ಟು, ಮಗ್ಗು, ಸ್ಪಂಜು ಹಿಡಿದು ನಿಲ್ಲುವ ಆಸೆ ನಮ್ಮಲ್ಲಿ ಎಲ್ಲರಿಗೂ ಬರುತ್ತದೆ. ಜನವರಿಯ ಬಿಸಿಲನ್ನು ನಂಬಿ ಹಾಗೆ ಮಾಡಿದರೆ ಡ್ರೈವ್‌ವೇ ಸಂಜೆಯೊಳಗೆ ಮಂಜುಗಡ್ಡೆಯ ಹಾಳೆಯಾಗಿ, ಅಂಚೆಯವನೋ ಪಕ್ಕದ ಮನೆಯ ಅಜ್ಜನೋ ಜಾರಿ ಬಿದ್ದರೆ ಹೊಣೆ ನಿಮ್ಮ ತಲೆಗೆ ಬರಬಹುದು. ಅನೇಕ ಅಪಾರ್ಟ್‌ಮೆಂಟುಗಳ ಬಾಡಿಗೆ ಕರಾರಿನಲ್ಲಿಯೇ ಇದಕ್ಕೆ ನಿಷೇಧವಿರುತ್ತದೆ. ರಸ್ತೆ ಬದಿಯ ಮಳೆನೀರಿನ ಚರಂಡಿಗೆ ಹರಿದ ಸೋಪಿನ ನೀರು ಸಾಮಾನ್ಯವಾಗಿ ಶುದ್ಧೀಕರಣವಿಲ್ಲದೆ ಹೊಳೆ, ಕೆರೆ ಸೇರುತ್ತದೆ ಎಂಬುದು ಇನ್ನೊಂದು ಕಾರಣ.

ಇಲ್ಲಿನ ಕಾರ್ ವಾಶ್‌ಗಳಲ್ಲಿ ಎರಡು ಬಗೆಯ ಯಂತ್ರಗಳಿವೆ. ಅವುಗಳನ್ನು ಒಂದೇ ಎಂದು ತಿಳಿಯುವುದೇ ಹೊಸಬರ ದೊಡ್ಡ ತಪ್ಪು. ಉದ್ದನೆಯ ಸುರಂಗದಲ್ಲಿ ಕನ್ವೇಯರ್ ಕಾರನ್ನು ಎಳೆದುಕೊಂಡು ಹೋಗುತ್ತದೆ. ಅಲ್ಲಿ ಕಾರನ್ನು ನ್ಯೂಟ್ರಲ್‌ಗೆ ಹಾಕಿ, ಬ್ರೇಕಿನಿಂದ ಕಾಲು ತೆಗೆದು, ಸ್ಟಿಯರಿಂಗ್ ಮುಟ್ಟದೆ ಕೂರಬೇಕು. ಪೆಟ್ರೋಲ್ ಬಂಕುಗಳ ಪಕ್ಕದಲ್ಲಿ ಹೆಚ್ಚಾಗಿ ಕಾಣುವ, ಬ್ರಷ್ಷು ತಾಗಿಸದೆ ತೊಳೆಯುವ ಟಚ್‌ಲೆಸ್ ಕೋಣೆಯಲ್ಲಿ ಕಾರು ನಿಂತಲ್ಲಿಯೇ ಇದ್ದು, ಯಂತ್ರದ ತೋಳು ಅದರ ಸುತ್ತ ಓಡಾಡುತ್ತದೆ. ಅಲ್ಲಿ ಪಾರ್ಕ್‌ಗೆ ಹಾಕಬೇಕು. ಸುರಂಗದಲ್ಲಿ ಗಾಬರಿಯಿಂದ ಬ್ರೇಕ್ ಒತ್ತಿ ಹಿಂದಿನ ಕಾರಿನಿಂದ ಗುದ್ದಿಸಿಕೊಂಡವರೂ, ಟಚ್‌ಲೆಸ್ ಕೋಣೆಯಲ್ಲಿ ನ್ಯೂಟ್ರಲ್‌ಗೆ ಹಾಕಿ ಕಾರು ಮುಂದಕ್ಕೆ ಉರುಳಿ ಯಂತ್ರ ಅರ್ಧಕ್ಕೆ ನಿಂತುಹೋದವರೂ ನಮ್ಮ ಬಳಗದಲ್ಲಿದ್ದಾರೆ. ಅವರ ಹೆಸರು ಬೇಡ, ಯುಗಾದಿ ಊಟಕ್ಕೆ ಎಲ್ಲರೂ ಬರುತ್ತಾರೆ.

ಟಚ್‌ಲೆಸ್ ಕೋಣೆಯೊಳಗೆ ಹೋಗುವಾಗ ನೆಲದಲ್ಲಿರುವ ಕಂಬಿಗಳ ನಡುವೆ ಗಾಲಿ ಕೂರುವಂತೆ ನೇರವಾಗಿ, ನಡಿಗೆಯ ವೇಗದಲ್ಲಿ ಸಾಗಿರಿ. ಅನೇಕ ಕಡೆ ತಳಕ್ಕೆ ನೀರು ಚಿಮ್ಮುವುದು ಈ ಹಾದಿಯಲ್ಲಿಯೇ ಆದ್ದರಿಂದ, ಅವಸರ ಮಾಡಿದರೆ ಕೊಟ್ಟ ಹಣ ಆ ಕ್ಷಣದಲ್ಲಿಯೇ ಹೋಯಿತೆಂದು ತಿಳಿಯಿರಿ. ಎದುರಿನ ಫಲಕದಲ್ಲಿ ನಿಲ್ಲುವ ಸೂಚನೆ ಬಂದ ಕೂಡಲೇ ನಿಲ್ಲಬೇಕು. ಸಣ್ಣ ಕಾರಿನ ಮೂತಿ ಚಿಕ್ಕದಾದ್ದರಿಂದ ಇನ್ನೂ ಸ್ವಲ್ಪ ಜಾಗವಿದೆಯೆಂದು ತೋರುತ್ತದೆ, ಆದರೆ ಅಂದಾಜಿನ ಮೇಲೆ ಮುಂದೆ ಹೋಗಬಾರದು. ಮುಂದೆ ಹೋಗಿದ್ದರೆ ಹಿಂದಕ್ಕೆ ಬರುವಂತೆ ಫಲಕವೇ ಹೇಳುತ್ತದೆ.

ಬ್ರಷ್ಷಾಗಲಿ ಬಟ್ಟೆಯಾಗಲಿ ಇಲ್ಲದ ಈ ಯಂತ್ರದಲ್ಲಿ ಕೊಳೆ ಬಿಡಿಸುವುದು ರಾಸಾಯನಿಕ ಮತ್ತು ನೀರಿನ ಒತ್ತಡ. ಸಾಮಾನ್ಯವಾಗಿ ಮೊದಲು ಆಮ್ಲೀಯ ದ್ರಾವಣ, ಅನಂತರ ಕ್ಷಾರೀಯ ದ್ರಾವಣ ಸಿಂಪಡಿಸಿ, ಬಳಿಕ ಜೋರಾದ ನೀರಿನಿಂದ ತೊಳೆಯುತ್ತದೆ. ಗೀರು ಬೀಳುವ ಭಯ ಕಡಿಮೆ, ಆದರೆ ಸಡಿಲವಾಗಿರುವುದನ್ನು ನೀರು ಬಿಡುವುದಿಲ್ಲ. ಹಳೆಯ ಸಣ್ಣ ಕಾರಿನಲ್ಲಿ ನೋಡಬೇಕಾದ ಜಾಗಗಳು ಹಲವಿವೆ. ಬಾನೆಟ್ಟಿನ ಮೇಲೆ ಸಿಪ್ಪೆಯೆದ್ದ ಬಣ್ಣವಿದ್ದರೆ ಅದು ಇನ್ನಷ್ಟು ಏಳುತ್ತದೆ. ಮುಂದಿನ ಬಂಪರಿನ ಕೆಳಗಿರುವ ಪ್ಲಾಸ್ಟಿಕ್ ಹಲಗೆಯ ಕ್ಲಿಪ್ಪು ಬಿದ್ದುಹೋಗಿ ಅದು ಜೋಲಾಡುತ್ತಿದ್ದರೆ ಮೊದಲು ಸಿಕ್ಕಿಸಿರಿ. ಮಾಡಿನ ಮೇಲಿನ ಉದ್ದನೆಯ ಆಂಟೆನಾ ತಿರುಗಿಸಿದರೆ ಬಿಚ್ಚಿಬರುತ್ತದೆ; ಬಿಚ್ಚಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಡಿರಿ. ಮುಂದಿನ ಗಾಜಿನಲ್ಲಿ ಕಲ್ಲೇಟಿನ ಚಿಕ್ಕ ಬಿರುಕಿದ್ದರೆ, ಕೊರೆಯುವ ಚಳಿಯಲ್ಲಿ ಬೆಚ್ಚನೆಯ ನೀರು ಬಿದ್ದಾಗ ಅದು ಉದ್ದವಾಗಬಹುದು, ಆದ್ದರಿಂದ ಅದನ್ನು ಮೊದಲು ಸರಿಪಡಿಸಿಕೊಳ್ಳಿ. ಕಿಟಕಿಯ ಮೇಲೆ ಅಂಟಿನಿಂದ ಕೂರಿಸಿದ ಮಳೆ ತಡೆಯುವ ಪಟ್ಟಿಗಳನ್ನು ನಾನು ನಂಬುವುದಿಲ್ಲ. ತಾನೇ ಓಡುವ ವೈಪರನ್ನು, ಹಿಂಬದಿಯದನ್ನೂ ಸೇರಿಸಿ, ಬಂದ್ ಮಾಡಿ, ಕನ್ನಡಿ ಮಡಚಿ, ಬಾಗಿಲುಗಳನ್ನು ಒಳಗಿನಿಂದ ಲಾಕ್ ಮಾಡಿಕೊಳ್ಳಿ. ಒತ್ತಿದರೆ ತೆರೆಯುವ ಪೆಟ್ರೋಲ್ ಮುಚ್ಚಳ ಕೆಲವು ಕಾರುಗಳಲ್ಲಿ ಲಾಕ್ ಇಲ್ಲದಾಗ ನೀರಿನ ಹೊಡೆತಕ್ಕೆ ತೆರೆದುಕೊಂಡುಬಿಡುತ್ತದೆ.

ಇನ್ನು ನಮ್ಮದೇ ಆದ ಒಂದು ತೊಡಕಿದೆ. ದೇವಸ್ಥಾನದಲ್ಲಿ ವಾಹನ ಪೂಜೆ ಮಾಡಿಸಿದ ಮೇಲೆ ಬಾನೆಟ್ಟಿನ ಮೇಲಿನ ಅರಿಶಿನ ಕುಂಕುಮವನ್ನು ಅಳಿಸಲು ಮನಸ್ಸು ಬರುವುದಿಲ್ಲ. ಬಿಸಿಲಿನಲ್ಲಿ ಒಣಗಿ ಬಣ್ಣದಲ್ಲಿ ಕೂತ ಅರಿಶಿನವನ್ನು ಟಚ್‌ಲೆಸ್ ಯಂತ್ರ ಪೂರ್ತಿ ತೆಗೆಯಲಾರದು. ಮರುದಿನವೇ ಒದ್ದೆ ಮೆತ್ತನೆ ಬಟ್ಟೆಯಿಂದ ಒರೆಸಿ, ಬಂಪರಿಗೆ ಕಟ್ಟಿದ ಹೂವಿನ ಹಾರವನ್ನೂ ದಾರದ ಗಂಟನ್ನೂ ಬಿಚ್ಚಿ ಹೋಗಿರಿ. ಬಿಡಿ ಹೂವು ಕೋಣೆಯ ಚರಂಡಿಯಲ್ಲಿ ಸಿಕ್ಕಿಕೊಂಡರೆ ಬೈಗುಳ ಕೇಳುವುದು ಅಲ್ಲಿನ ಕೆಲಸದ ಹುಡುಗ.

ತೊಳೆದ ಕಾರಿನ ಮೇಲೆ ಬೆರಳಾಡಿಸಿದರೆ ತೆಳುವಾದ ಬೂದುಬಣ್ಣದ ಪೊರೆ ಕೈಗೆ ಬರುತ್ತದೆ. ಹಿಂಬದಿ ನೇರವಾಗಿ ಕತ್ತರಿಸಿದಂತಿರುವ ಹ್ಯಾಚ್‌ಬ್ಯಾಕ್‌ಗಳಲ್ಲಿ ಹಿಂದಿನ ಸುಳಿಗಾಳಿ ಕೊಳೆಯನ್ನು ಎಳೆದು ಬಾಗಿಲಿಗೆ ಮೆತ್ತುವುದರಿಂದ ಅಲ್ಲಿ ಅದು ಇನ್ನೂ ಹೆಚ್ಚು. ಅದನ್ನು ಕಂಡು ಡಿಕ್ಕಿಯಲ್ಲಿಟ್ಟಿದ್ದ ಹಳೇ ಪಂಚೆಯ ತುಂಡಿನಿಂದ ಗಸಗಸನೆ ಒರೆಸಿದರೆ, ಉಳಿದ ಮರಳಿನ ಕಣಗಳು ಬ್ರಷ್ಷಿನ ಯಂತ್ರ ಮಾಡುವ ಹಾನಿಯನ್ನೇ ಮಾಡುತ್ತವೆ. ಚಳಿಗಾಲದಲ್ಲಿ ಆ ಪೊರೆ ಇರಲಿ ಬಿಡಿ. ಉಪ್ಪು ಹೋಯಿತೇ ಎಂಬುದಷ್ಟೇ ಮುಖ್ಯ.

ಇಲ್ಲಿಯೇ ಹುಟ್ಟಿದ ಮಕ್ಕಳಿಗೆ ಕಾರು ತೊಳೆಯುವುದೆಂದರೆ ಗಾಜಿನಾಚೆ ನೊರೆ ಬೀಳುವುದನ್ನು ನೋಡುತ್ತ ಕೂರುವುದು. ಚಕ್ರದ ಸಂದಿನ ಮಣ್ಣನ್ನು ಬೆರಳಿನಿಂದ ಕೆದಕುತ್ತ, ಅಪ್ಪನ ಬೈಗುಳ ತಿನ್ನುತ್ತ ಕಳೆದ ಭಾನುವಾರಗಳನ್ನು ಅವರಿಗೆ ವಿವರಿಸಲು ಹೋದರೆ ಅದೊಂದು ಶಿಕ್ಷೆಯೆಂದೇ ಅವರು ತಿಳಿಯುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿಯೂ ಈಗ ಬೆಳಗಿನ ಜಾವ ಬೇರೆ ಯಾರೋ ಬಂದು ಒರೆಸಿ ಹೋಗುತ್ತಾರಾದ್ದರಿಂದ, ಕಳೆದುಹೋದದ್ದು ವಲಸೆಯಿಂದಲೇ ಎಂದು ನಾನು ಹೇಳಲಾರೆ. ಆದರೂ ಆಯುಧಪೂಜೆಯ ಹಿಂದಿನ ದಿನ ಮಾತ್ರ ಮಕ್ಕಳನ್ನು ಕರೆದುಕೊಂಡು, ನಾವೇ ಪೈಪು ಹಿಡಿದು ತೊಳೆಯಬಹುದಾದ ಸೆಲ್ಫ್ ಸರ್ವಿಸ್ ಕೋಣೆಗೆ ಹೋಗಿರಿ ಎಂಬುದು ನನ್ನ ಸಲಹೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಚಳಿಯೂ ಅಷ್ಟಿರುವುದಿಲ್ಲ. ಅಲ್ಲಿ ನೇತುಹಾಕಿರುವ ನೊರೆಯ ಬ್ರಷ್ಷನ್ನು ಮಾತ್ರ ಮುಟ್ಟಬೇಡಿ, ಅದರಲ್ಲಿ ಹಿಂದಿನ ಟ್ರಕ್ಕಿನ ಕೆಸರು ಕೂತಿರುತ್ತದೆ.

ಪುಟ್ಟ ಮಕ್ಕಳಿರುವ ಕಾರಿನಲ್ಲಿ ಟಚ್‌ಲೆಸ್ ಕೋಣೆಗೆ ಹೋಗುವ ಮುನ್ನ ಚಾಲಕರ ಬಾಗಿಲಿನಲ್ಲಿರುವ ಕಿಟಕಿ ಲಾಕ್ ಒತ್ತಿರಿ. ಹಿಂದಿನ ಸೀಟಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಕ್ಷಾರದ ನೊರೆ ಮಗುವಿನ ಕಣ್ಣಿಗೇ ಬೀಳುತ್ತದೆ.

ಕೊನೆಯದಾಗಿ ಹವಾಮಾನ. ಉಷ್ಣಾಂಶ 32 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಮೇಲಿರುವ ಮಧ್ಯಾಹ್ನವನ್ನು ಆರಿಸಿಕೊಳ್ಳಿ. ರಾತ್ರಿ ತೊಳೆಯಿಸಿ ಬಯಲಿನಲ್ಲಿ ನಿಲ್ಲಿಸಿದರೆ ಬಾಗಿಲಿನ ರಬ್ಬರು ಹೆಪ್ಪುಗಟ್ಟಿ, ಬೆಳಿಗ್ಗೆ ಜೋರಾಗಿ ಎಳೆದಾಗ ಹರಿಯುವ ಸಂಭವವಿದೆ. ಹೊರಬಂದ ಮೇಲೆ ಒಂದು ಕಡೆ ನಿಲ್ಲಿಸಿ, ನಾಲ್ಕು ಬಾಗಿಲನ್ನೂ ಡಿಕ್ಕಿಯನ್ನೂ ತೆರೆದು ಅಂಚಿನ ನೀರನ್ನು ಬಟ್ಟೆಯಿಂದ ಒತ್ತಿ ತೆಗೆಯಿರಿ. ಆಮೇಲೆ, ಮುಖ್ಯರಸ್ತೆಗೆ ಸೇರುವ ಮೊದಲೇ, ಹಿಂದೆ ಯಾರೂ ಇಲ್ಲದಾಗ ಎರಡು ಮೂರು ಸಲ ಬ್ರೇಕನ್ನು ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಿ.