ಬೀಡಿಂಗ್ ಕಿತ್ತ ಮೇಲೆ ಶುರುವಾದ ಕೆಲಸ

ಹಳೆ ಕಾರಿನ ಬಾಗಿಲಿಗೆ ಉದ್ದಕ್ಕೂ ಕಪ್ಪು ಬೀಡಿಂಗ್ ಅಂಟಿಸಿರುತ್ತಾರಲ್ಲ, ಅದರ ಮೇಲಂಚನ್ನು ಮಳೆಗಾಲ ಮುಗಿದ ಮೇಲೆ ಒಮ್ಮೆ ನೋಡಿ. ಪಾಚಿ ಹಿಡಿದಿದ್ದರೆ ಅಲ್ಲಿ ನೀರು ಕೂರುತ್ತಿದೆ. ಕೊಡಗಿನ ಗೋಣಿಕೊಪ್ಪದ ಕಡೆ ಕಾಫಿ ತೋಟದ ರಸ್ತೆಯಲ್ಲಿ ಓಡಾಡುವ ನಮ್ಮ ಕೆಂಪು ಮಾರುತಿ 800ರದ್ದು ಇದೇ ಕತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರು ಸರಿಯಾಗಿ ಒಣಗುವುದೇ ಇಲ್ಲ. ಬೀಡಿಂಗ್ ಹಿಂದಿನ ಫೋಮ್ ಟೇಪ್ ಅಂಚಿನಲ್ಲಿ ಬಿಟ್ಟುಕೊಂಡರೆ ಕೆಸರು ನೀರು ಒಳಗೆ ಸೇರುತ್ತದೆ, ಹೊರಗೆ ಬರಲ್ಲ. ಹಿಂದಿನ ಮಾಲೀಕರು ಯಾವುದೋ ಅಂಗಡಿಯಲ್ಲಿ ಹಾಕಿಸಿದ್ದ ಬೀಡಿಂಗ್ ಅದು. ಟೇಪ್ ಸಾಲದು ಅಂತ ಎರಡು ತುದಿಗೂ ಸ್ಕ್ರೂ ಹೊಡೆದಿದ್ದರು. ತುಕ್ಕು ಅಲ್ಲಿಂದಲೇ ಶುರು.

ಕೀಳುವುದು ಸುಲಭದ ಕೆಲಸ. ಮೊದಲು ಸ್ಕ್ರೂ ಬಿಚ್ಚಿದೆ. ಆಮೇಲೆ ಹೇರ್ ಡ್ರೈಯರ್‌ನಿಂದ ಬೀಡಿಂಗ್ ಕೈಗೆ ಚೆನ್ನಾಗಿ ಬಿಸಿ ತಾಗುವವರೆಗೆ ಕಾಯಿಸಿ, ಮೀನಿನ ಗಾಳದ ನೈಲಾನ್ ದಾರವನ್ನು ಹಿಂದೆ ತೂರಿಸಿ, ಗರಗಸದ ಹಾಗೆ ಎಳೆಯುತ್ತಾ ಹೋದೆ. ಫೋಮ್ ಮಧ್ಯದಲ್ಲಿ ಸೀಳಿಕೊಂಡು ಬೀಡಿಂಗ್ ಕೈಗೆ ಬಂತು. ಸ್ಕ್ರೂ ಡ್ರೈವರ್ ಹಾಕಿ ಎಬ್ಬಿಸಬೇಡಿ, ಪೇಂಟ್ ಚಕ್ಕೆಯೇ ಎದ್ದು ಬರುತ್ತದೆ. ಬಾಗಿಲ ಮೇಲೆ ಉಳಿದ ಅಂಟಿಗೆ ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಹೆಬ್ಬೆರಳಿನಲ್ಲಿ ಉಜ್ಜಿದರೆ ಉಂಡೆ ಕಟ್ಟಿಕೊಂಡು ಬರುತ್ತದೆ. ಬೇಸರದ ಕೆಲಸ, ಆದರೆ ಪೇಂಟ್‌ಗೆ ಅಪಾಯ ಕಡಿಮೆ. ಥಿನ್ನರ್ ಬೇಗ ಕೆಲಸ ಮಾಡುತ್ತದೆ ನಿಜ. ಆದರೆ ಆ ಬಾಗಿಲಿಗೆ ಯಾವಾಗಲೋ ಸ್ಥಳೀಯವಾಗಿ ಪೇಂಟ್ ಹೊಡೆಸಿದ್ದರೆ ಅಂಟಿನ ಜೊತೆ ಅದೂ ಕರಗಿ ಬರಬಹುದು.

ಬೀಡಿಂಗ್ ಹೋದ ಜಾಗದಲ್ಲಿ ಕಡು ಕೆಂಪು ಪಟ್ಟಿ, ಅದರ ಮೇಲೆ ಕೆಳಗೆ ಬಿಳಚಿಕೊಂಡ ಕೆಂಪು. ಇದನ್ನು ನೋಡಿದ ತಕ್ಷಣ ಪೂರ್ತಿ ಪೇಂಟ್ ಹೊಡೆಸಬೇಕು ಅಂತ ಅನಿಸುತ್ತದೆ. ಅವಸರ ಬೇಡ. ಪಟ್ಟಿಯ ಬಣ್ಣವೇ ಅಸಲಿ, ಸುತ್ತಲಿನದು ಬಿಸಿಲಿಗೆ ಮಾಸಿದ್ದು. ರಬ್ಬಿಂಗ್ ಕಾಂಪೌಂಡ್ (ಪೇಂಟ್ ಉಜ್ಜಿ ಹೊಳಪು ತರುವ ಪೇಸ್ಟ್) ಹಾಕಿ ಉಜ್ಜಿದರೆ ಮೇಲಿನ ಸತ್ತ ಪದರ ಹೋಗಿ ಎರಡೂ ಹತ್ತಿರ ಬರುತ್ತವೆ. ನಮ್ಮ ಕಾರಿನಲ್ಲಿ ಬಟ್ಟೆಯೇ ಕೆಂಪಾಯಿತು. ಅಂದರೆ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಇಲ್ಲದ ಪೇಂಟ್, ಉಜ್ಜಿದಷ್ಟೂ ಬಣ್ಣವೇ ಸವೆಯುತ್ತದೆ. ಬಾಗಿಲಿನ ಅಂಚು, ಮಡಿಕೆಗಳ ಮೇಲೆ ಪದರ ತೆಳು, ಅಲ್ಲಿ ಕೈ ಹಗುರ ಇರಬೇಕು. ಕ್ಲಿಯರ್ ಕೋಟ್ ಇರುವ ಕಾರಿನಲ್ಲಿ ಬಟ್ಟೆಗೆ ಬಣ್ಣ ಹತ್ತಬಾರದು. ಹತ್ತಿದರೆ ನಿಲ್ಲಿಸಿ.

ಇನ್ನು ಸ್ಕ್ರೂ ತೂತುಗಳು. ಸುತ್ತ ಪೇಂಟ್ ಗುಳ್ಳೆ ಎದ್ದಿತ್ತು. ಕೆರೆದರೆ ಗುಳ್ಳೆಗಿಂತ ಜಾಸ್ತಿ ಅಗಲಕ್ಕೆ ಒಳಗೆ ತುಕ್ಕು ಹರಡಿತ್ತು. 80 ನಂಬರ್ ಸ್ಯಾಂಡ್ ಪೇಪರ್‌ನಲ್ಲಿ ಹೊಳೆಯುವ ತಗಡು ಸಿಗುವವರೆಗೆ ಉಜ್ಜಿ, ಸಣ್ಣ ಗುಂಡಿಗಳಲ್ಲಿ ಉಳಿದದ್ದಕ್ಕೆ ತುಕ್ಕನ್ನು ಗಟ್ಟಿ ಪದರವಾಗಿ ಬದಲಿಸುವ ರಸ್ಟ್ ಕನ್ವರ್ಟರ್ ಹಚ್ಚಿದೆ. ನಮ್ಮ ಪೇಂಟರ್ ಹೇಳಿದ್ದು: ‘ಅಣ್ಣಾ, ತೂತಿಗೆ ಬರೀ ಪುಟ್ಟಿ ತುಂಬಬೇಡಿ. ಹಿಂದಿನಿಂದ ನೀರು ಕುಡಿದು ಒಂದೇ ಮಳೆಗೆ ಏಳುತ್ತೆ.’ ಅವರ ಮಾತು ಸರಿ. ಬಾಡಿ ಪುಟ್ಟಿ ತೇವ ಹೀರುತ್ತದೆ. ವೆಲ್ಡಿಂಗ್ ಮಾಡಿಸುವುದು ಒಳ್ಳೆಯದೇ, ಆದರೆ ತೆಳು ತಗಡು, ಬಿಸಿಗೆ ಸೊಟ್ಟ ಆಗಬಹುದು. ನಾನು ಬಾಗಿಲಿನ ಒಳಗಿನ ಹೊದಿಕೆ ಬಿಚ್ಚಿ, ತೂತನ್ನು ಒಳಗಿನಿಂದ ಎಂ-ಸೀಲ್ (ಗಟ್ಟಿಯಾಗುವ ಎಪಾಕ್ಸಿ ಅಂಟು) ಹಾಕಿ ಮುಚ್ಚಿದೆ. ಹೊರಗಿನಿಂದ ಎಪಾಕ್ಸಿ ಪ್ರೈಮರ್, ಅದರ ಮೇಲೆ ತೆಳುವಾಗಿ ಪುಟ್ಟಿ. ಒಳಗೆ ಕೈ ಹಾಕಿದಾಗ ಬಾಗಿಲಿನ ತಳದಲ್ಲಿ ಸಿಲ್ವರ್ ಓಕ್ ಎಲೆ, ಮಣ್ಣು ಸೇರಿ ಗೊಬ್ಬರವೇ ಆಗಿತ್ತು. ನೀರು ಇಳಿಯುವ ತೂತುಗಳು ಕಟ್ಟಿಕೊಂಡಿದ್ದವು. ಬೀಡಿಂಗ್ ಇಲ್ಲದವರೂ ಇದನ್ನು ಬಿಡಿಸಿಕೊಳ್ಳುವುದು ವಾಸಿ.

ಪೇಂಟ್‌ಗೆ ಕಾಲ ಮುಖ್ಯ. ಕಾಫಿ ಕೊಯ್ಲಿನ ಗಡಿಬಿಡಿ ಒಂದು ಹದಕ್ಕೆ ಬಂದು, ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಇನ್ನೂ ಬಾರದ ದಿನಗಳೇ ನಮ್ಮಲ್ಲಿ ಸರಿ. ಅದರಲ್ಲೂ ಬೆಳಗ್ಗೆ ಬೇಡ. ಮಂಜಿಗೆ ತಗಡು ತಣ್ಣಗಿರುತ್ತದೆ, ಕಣ್ಣಿಗೆ ಕಾಣದ ತೇವ ಕೂತಿರುತ್ತದೆ. ನಾನು ಬಳಸಿದ್ದು ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್. ಅದರ ಥಿನ್ನರ್ ಬೇಗ ಆರುತ್ತದೆ. ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಇಳಿಯುತ್ತದೆ, ಪೇಂಟ್ ಹಾಲಿನ ಹಾಗೆ ಬಿಳಿಚುತ್ತದೆ. ಬಿಸಿಲು ಚೆನ್ನಾಗಿ ಬಂದ ಮೇಲೆ, ನೆರಳಲ್ಲಿ ಹೊಡೆದೆ. ಪಕ್ಕದ ತೋಟದಲ್ಲಿ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕುವ ದಿನ ಸುಮ್ನೆ ಸ್ಪ್ರೇ ಗನ್ ಮುಟ್ಟಬೇಡಿ. ಕಣದಲ್ಲಿ ಒಣಗಲು ಹಾಕಿದ ಕಾಫಿ ಎಳೆಯುವ ಹೊತ್ತೂ ಬೇಡ, ಆ ಧೂಳು ಎಲ್ಲಿಗೂ ಬರುತ್ತದೆ. ಗನ್‌ಗೆ ಗಾಳಿ ಕೊಡುವ ಕಂಪ್ರೆಸರ್ ಟ್ಯಾಂಕ್‌ನ ಕೆಳಗಿನ ನಲ್ಲಿ ತೆರೆದು ನೀರು ಬಿಟ್ಟೇ ಶುರು ಮಾಡಬೇಕು. ನಮ್ಮ ಹವೆಯಲ್ಲಿ ಅದು ಬೇಗ ತುಂಬುತ್ತದೆ.

ಬಣ್ಣ ಹೊಂದಿಸಲು ಪೆಟ್ರೋಲ್ ಟ್ಯಾಂಕ್‌ನ ಮುಚ್ಚಳ ಬಿಚ್ಚಿ ಪೇಂಟ್ ಅಂಗಡಿಗೆ ಒಯ್ದೆ. ಹೋಗುವ ಮೊದಲು ಅದಕ್ಕೂ ಕಾಂಪೌಂಡ್ ಹಾಕಿ ಉಜ್ಜಿದ್ದೆ. ಇಲ್ಲದಿದ್ದರೆ ಅವರು ಮಾಸಿದ ಬಣ್ಣಕ್ಕೆ ಹೊಂದಿಸಿ ಕೊಡುತ್ತಾರೆ ಅಲ್ವಾ? ಪ್ರೈಮರ್ ಮೇಲೆ 600, 800 ವಾಟರ್ ಪೇಪರ್ ಹೊಡೆದು, ಪೂರ್ತಿ ಒಣಗಿಸಿ, ಬಾಗಿಲಿನ ಮಧ್ಯದ ಗೆರೆಯಿಂದ ಕೆಳಗಿನ ಭಾಗಕ್ಕಷ್ಟೇ ಬಣ್ಣ ಹೊಡೆದೆ. ಬಣ್ಣ ಚೂರು ವ್ಯತ್ಯಾಸ ಇದ್ದರೂ ಆ ಗೆರೆಯಲ್ಲಿ ಕಣ್ಣಿಗೆ ಬೀಳಲ್ಲ. ಬಾಗಿಲ ನಡುವೆ ಚೌಕಾಕಾರದ ತೇಪೆ ಹಾಕಿದರೆ ದೂರದಿಂದಲೇ ಗೊತ್ತಾಗುತ್ತದೆ. ಒಂದೇ ಸಲ ದಪ್ಪಗೆ ಹೊಡೆದರೆ ಸುರಿಯುತ್ತದೆ. ತೆಳುವಾಗಿ, ಮಧ್ಯೆ ಆರಲು ಬಿಟ್ಟು, ಹಲವು ಸಲ ಹೊಡೆಯಬೇಕು.

ಗಟ್ಟಿಮುಟ್ಟು ಬೇಕು ಅಂದರೆ ಹಾರ್ಡ್‌ನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಪೇಂಟ್ ಮೇಲು. ಆದರೆ ಅದರ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು, ಮುಖಕ್ಕೆ ಕರ್ಚೀಫ್ ಕಟ್ಟಿಕೊಂಡು ಮನೆ ಶೆಡ್ಡಿನಲ್ಲಿ ಹೊಡೆಯುವಂಥದ್ದಲ್ಲ. ಅದನ್ನು ಸರಿಯಾದ ಮಾಸ್ಕ್, ಪೇಂಟ್ ಬೂತ್ ಇರುವವರಿಗೆ ಕೊಡಿ. ಎನ್‌ಸಿಗೂ ಆವಿ ಸೋಸುವ ಕಾರ್ಟ್ರಿಡ್ಜ್ ಮಾಸ್ಕ್ ಹಾಕಿಕೊಳ್ಳಿ, ಹತ್ತಿರ ಬೀಡಿ ಸೇದುವವರು ಬಾರದ ಹಾಗೆ ನೋಡಿಕೊಳ್ಳಿ.

ಹೊಸ ಬೀಡಿಂಗ್ ಹಾಕಲಿಲ್ಲ. ಕಾಫಿ ಗಿಡದ ರೆಂಬೆ ಬಾಗಿಲಿಗೆ ತೀಡುತ್ತದೆ, ಗೀರು ಬೀಳುತ್ತದೆ. ಗೀರು ಕಣ್ಣಿಗೆ ಕಾಣುತ್ತದೆ, ಉಳಿದ ಬಣ್ಣ ಬಾಟಲಿಯಲ್ಲಿದೆ, ಸಣ್ಣ ಬ್ರಷ್‌ನಲ್ಲಿ ಮುಚ್ಚಿದರಾಯಿತು. ಪೇಂಟ್ ಪೂರ್ತಿ ಗಟ್ಟಿಯಾಗಲು ಬಿಟ್ಟು, ಆಮೇಲೆ 2000 ಪೇಪರ್ ಮತ್ತು ಕಾಂಪೌಂಡ್‌ನಲ್ಲಿ ಹೊಳಪು ತೆಗೆದೆ. ವ್ಯಾಕ್ಸ್‌ಗೆ ಅವಸರ ಬೇಡ, ಒಳಗಿನ ಥಿನ್ನರ್ ಹೊರಗೆ ಹೋಗಬೇಕು. ಮೇ ಕೊನೆಗೆ, ಮಳೆಗೆ ಮುಂಚೆ ಹಾಕಿದರೆ ಸಾಕು.