111ಕ್ಕೆ ಫೋನ್ ಮಾಡಿದ ಮೇಲೆ ಬರುವ ನಂಬರಿಲ್ಲದ ಕರೆ

ಇಂಗ್ಲೆಂಡಿಗೆ ಬಂದಿಳಿದ ಕನ್ನಡಿಗರಿಗೆ 999 ಎಂದರೇನು ಎಂದು ಹೇಳಿಕೊಡಬೇಕಾಗಿಲ್ಲ. ಜಿ.ಪಿ. (ಬಡಾವಣೆಯ ಫ್ಯಾಮಿಲಿ ಡಾಕ್ಟರ್) ಹತ್ತಿರ ಹೆಸರು ಬರೆಸಿಕೊಳ್ಳಿ ಎಂದು ಆಫೀಸಿನವರು, ಮನೆ ಮಾಲೀಕರು, ಪಕ್ಕದ ಮನೆಯವರು ಎಲ್ಲರೂ ಹೇಳಿರುತ್ತಾರೆ. 111ರ ಹೆಸರೂ ಕಿವಿಗೆ ಬಿದ್ದಿರುತ್ತದೆ: ಊರಲ್ಲಿ ಆಂಬುಲೆನ್ಸಿಗೆ 108, ಆರೋಗ್ಯ ಸಲಹೆಗೆ 104 ಇದ್ದ ಹಾಗೆ ಇಲ್ಲಿ 999 ಮತ್ತು 111. ಯಾರೂ ಹೇಳಿಕೊಡದಿರುವುದು, ಆ ಫೋನ್ ಇಟ್ಟ ಮೇಲೆ ಏನಾಗುತ್ತದೆ ಎಂಬುದನ್ನು. ಪ್ರತಿ ಚಳಿಗಾಲವೂ ಹೊಸದಾಗಿ ಬಂದ ಸಂಸಾರಗಳ ಬಾಯಲ್ಲಿ ಅದೇ ಮಾತು: "ನಾಲ್ಕು ಗಂಟೆ ಕಾದ್ವಿ, ಒಬ್ಬರೂ ವಾಪಸ್ ಫೋನ್ ಮಾಡಲಿಲ್ಲ." ಬಹಳ ಸಲ ಮಾಡಿರುತ್ತಾರೆ. ಇವರ ಫೋನು ಸದ್ದು ಮಾಡಿರುವುದಿಲ್ಲ, ಅಥವಾ ಸದ್ದು ಮಾಡಿದ್ದನ್ನು ಇವರೇ ಕಟ್ ಮಾಡಿರುತ್ತಾರೆ.

ಮೊದಲು ಆ ಕಡೆ ಕೂತವರು ಯಾರು ಎಂದು ತಿಳಿದಿರಬೇಕು. 111ರಲ್ಲಿ ಫೋನ್ ಎತ್ತುವವರು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ತರಬೇತಿ ಪಡೆದ ಹೆಲ್ತ್ ಅಡ್ವೈಸರ್. ಅವರ ಮುಂದೆ ಎನ್‌ಎಚ್‌ಎಸ್‌ನ (ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆ) ಪಾಥ್‌ವೇಸ್ ಎಂಬ ಸಾಫ್ಟ್‌ವೇರ್ ತೆರೆದಿರುತ್ತದೆ. ಅದು ತೋರಿಸಿದ ಪ್ರಶ್ನೆ ಕೇಳಬೇಕು, ಉತ್ತರ ಒತ್ತಬೇಕು, ಮುಂದಿನ ಪ್ರಶ್ನೆಗೆ ಹೋಗಬೇಕು. ಕಿವಿನೋವಿಗೆ ಫೋನ್ ಮಾಡಿದರೂ ಉಸಿರಾಟ ಸರಿ ಇದೆಯೇ, ಎಚ್ಚರ ಇದೆಯೇ, ರಕ್ತ ಹೋಗುತ್ತಿದೆಯೇ ಎಂದು ಕೇಳುವುದಕ್ಕೆ ಕಾರಣ ಇಷ್ಟೇ: ಸಾಫ್ಟ್‌ವೇರ್ ಅತಿ ಅಪಾಯದ ಸಂಗತಿಯಿಂದ ಶುರುಮಾಡಿ, ಒಂದೊಂದನ್ನೇ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕೆಳಗಿಳಿಯುತ್ತದೆ. ಅಲ್ಲಿ "ಅದೆಲ್ಲ ಬಿಡಿ, ಡಾಕ್ಟರಿಗೆ ಕೊಡಿ" ಎಂದು ದನಿ ಏರಿಸಿದರೆ ನಿಮ್ಮ ಸಮಯವೇ ಹಾಳು; ಪ್ರಶ್ನೆ ಹಾರಿಸುವ ಅಧಿಕಾರ ಅವರಿಗಿಲ್ಲ. ಹೌದು, ಇಲ್ಲ, ಗೊತ್ತಿಲ್ಲ: ಈ ಮೂರರಲ್ಲಿ ಉತ್ತರಿಸಿದರೆ ಬೇಗ ಮುಗಿಯುತ್ತದೆ.

ಕೊನೆಗೆ ಅವರು ಕೊಡುವುದು ರೋಗದ ಹೆಸರಲ್ಲ, ಒಂದು ದಾರಿ ಮತ್ತು ಒಂದು ಗಡುವು. ಆಂಬುಲೆನ್ಸ್, ಎ ಅಂಡ್ ಇ (ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗ), ಅರ್ಜೆಂಟ್ ಟ್ರೀಟ್‌ಮೆಂಟ್ ಸೆಂಟರ್, ಔಟ್ ಆಫ್ ಅವರ್ಸ್ ಜಿ.ಪಿ. (ಕ್ಲಿನಿಕ್ ಮುಚ್ಚಿದ ಹೊತ್ತಿನಲ್ಲಿ ಸಿಗುವ ಡಾಕ್ಟರ್), ಫಾರ್ಮಸಿ, ಮನೆ ಆರೈಕೆ, ಇವುಗಳಲ್ಲಿ ಒಂದು. ರಾತ್ರಿ ಮತ್ತು ವಾರಾಂತ್ಯದಲ್ಲಿ ನಮ್ಮವರಿಗೆ ಹೆಚ್ಚಾಗಿ ಸಿಗುವುದು "ಕ್ಲಿನಿಶಿಯನ್ (ಡಾಕ್ಟರೋ ನರ್ಸೋ) ಒಬ್ಬರು ಇಷ್ಟು ಗಂಟೆಯೊಳಗೆ ವಾಪಸ್ ಫೋನ್ ಮಾಡುತ್ತಾರೆ" ಎಂಬ ಉತ್ತರ. ಎಡವುವುದು ಇಲ್ಲೇ.

ಆ ಕರೆ 111 ಎಂಬ ನಂಬರಿನಿಂದ ಬರುವುದಿಲ್ಲ. ಬಹುಪಾಲು 'ನೋ ಕಾಲರ್ ಐಡಿ', 'ಪ್ರೈವೇಟ್ ನಂಬರ್' ಅಥವಾ 'ವಿತ್‌ಹೆಲ್ಡ್' ಎಂದು ತೋರಿಸುತ್ತದೆ. ಭಾರತದಲ್ಲಿ ಸಾಲ ಬೇಕೇ, ಪಾಲಿಸಿ ಬೇಕೇ ಎಂಬ ಕರೆಗಳಿಂದ ಬೇಸತ್ತು ಬಂದ ನಾವು ಗೊತ್ತಿಲ್ಲದ ನಂಬರ್ ಎತ್ತದಿರುವುದನ್ನು ಒಳ್ಳೆಯ ಅಭ್ಯಾಸವೆಂದೇ ರೂಢಿಸಿಕೊಂಡಿರುತ್ತೇವೆ. ಇಲ್ಲಿ ಅದೇ ಅಭ್ಯಾಸ ಕೈಕೊಡುತ್ತದೆ. ನಂಬರೇ ಇಲ್ಲದ ಕರೆಗೆ ತಿರುಗಿ ಫೋನ್ ಮಾಡಲೂ ಆಗದು. ಡಾಕ್ಟರು ಕೆಲವು ಸಲ ಪ್ರಯತ್ನಿಸಿ, ಸಿಗದಿದ್ದರೆ ಮುಂದಿನ ರೋಗಿಗೆ ಹೋಗುತ್ತಾರೆ. ವಾಯ್ಸ್‌ಮೇಲ್ ಬಿಟ್ಟರೂ ಗೋಪ್ಯತೆಯ ಕಾರಣಕ್ಕೆ ಅದರಲ್ಲಿ ವಿವರ ಇರುವುದಿಲ್ಲ. ನಿಮ್ಮ ಕಡೆಯಿಂದ ನೋಡಿದರೆ ಯಾರೂ ಮಾಡಲಿಲ್ಲ, ಅವರ ದಾಖಲೆಯಲ್ಲಿ ರೋಗಿ ಸಿಗಲಿಲ್ಲ.

ಆದ್ದರಿಂದ 111 ಮುಗಿಸಿದ ಕೂಡಲೇ, ಜ್ವರದ ಔಷಧಿ ಹುಡುಕುವುದಕ್ಕೂ ಮೊದಲು, ಫೋನಿನ ಸೆಟ್ಟಿಂಗ್ಸ್ ನೋಡಿ. ಐಫೋನಿನಲ್ಲಿ ಫೋನ್ ವಿಭಾಗದ 'ಸೈಲೆನ್ಸ್ ಅನ್‌ನೋನ್ ಕಾಲರ್ಸ್' ಆಫ್ ಆಗಿರಬೇಕು. ಹೊಸ ಆವೃತ್ತಿಗಳಲ್ಲಿ ಕರೆ ಮಾಡಿದವರನ್ನೇ ಹೆಸರು ಕೇಳಿ ನಿಲ್ಲಿಸುವ ಸ್ಕ್ರೀನಿಂಗ್ ಇದೆ, ಅದೂ ಆಫ್ ಇರಲಿ. ಆಂಡ್ರಾಯ್ಡಿನಲ್ಲಿ ಬ್ಲಾಕ್ಡ್ ನಂಬರ್ಸ್ ಪುಟದಲ್ಲಿ ಅನಾಮಿಕ ಕರೆ ತಡೆಯುವ ಗುಂಡಿ ಇರುತ್ತದೆ. ಎಲ್ಲಕ್ಕಿಂತ ಹೆಚ್ಚು ಕಾಡುವುದು ಊರಿನಿಂದ ಜೊತೆಯಲ್ಲೇ ಬಂದ ಟ್ರೂಕಾಲರ್: ಅದರಲ್ಲಿ ಗುಪ್ತ ನಂಬರುಗಳನ್ನು ತಡೆಯುವ ಆಯ್ಕೆಯನ್ನು ಎಂದೋ ಒತ್ತಿ ಮರೆತಿರುತ್ತೀರಿ, ಫೋನಿನ ಸೆಟ್ಟಿಂಗ್ ಸರಿಯಿದ್ದರೂ ಅದು ಕರೆಯನ್ನು ನುಂಗಿಹಾಕುತ್ತದೆ. ರಾತ್ರಿಯ 'ಡು ನಾಟ್ ಡಿಸ್ಟರ್ಬ್' ಕೂಡ ತೆಗೆಯಿರಿ. ಮತ್ತೆ ಮತ್ತೆ ಮಾಡಿದರೆ ರಿಂಗ್ ಆಗುತ್ತದಲ್ಲ ಎಂಬ ಧೈರ್ಯ ಬೇಡ. ಐಫೋನಿನಲ್ಲಿ ಆ ವಿನಾಯಿತಿ ಮೂರು ನಿಮಿಷದೊಳಗಿನ ಎರಡನೇ ಕರೆಗೆ ಮಾತ್ರ, ಡಾಕ್ಟರು ಅಷ್ಟು ಬೇಗ ಮರಳಿ ಮಾಡುವುದಿಲ್ಲ.

ಯಾವ ನಂಬರ್ ಕೊಡುತ್ತೀರಿ ಎಂಬುದೂ ಅಷ್ಟೇ ಮುಖ್ಯ. ರೋಮಿಂಗಿನಲ್ಲಿರುವ ಭಾರತದ ಸಿಮ್ ಕೊಡಬೇಡಿ. ರೋಗಿಯ ಪಕ್ಕದಲ್ಲೇ ಇರುವವರ ಇಲ್ಲಿಯ ನಂಬರ್ ಕೊಡಿ, ಸಾಧ್ಯವಾದರೆ ಎರಡನೇ ನಂಬರನ್ನೂ ಬರೆಸಿ, ಅವರು ಓದಿ ಹೇಳುವಾಗ ಕೊನೆಯ ಅಂಕಿಯವರೆಗೆ ಕೇಳಿಸಿಕೊಳ್ಳಿ. ಗಂಡ ತನ್ನ ನಂಬರ್ ಕೊಟ್ಟು ಔಷಧಿ ತರಲು ಹೋದಾಗ ಕರೆ ಬಂದರೆ, ಮಗು ಈಗ ಹೇಗಿದೆ ಎಂಬ ಪ್ರಶ್ನೆಗೆ ಅವನಲ್ಲಿ ಉತ್ತರ ಇರುವುದಿಲ್ಲ. ಹಳೆಯ ಇಟ್ಟಿಗೆ ಮನೆಗಳಲ್ಲಿ ಸಿಗ್ನಲ್ ಕಡಿಮೆ. ವೈಫೈ ಕಾಲಿಂಗ್ ಆನ್ ಮಾಡಿ. ಇನ್ನೊಂದು, ಕಾಯುವ ಆ ಹೊತ್ತಿನಲ್ಲೇ ಊರಿಗೆ ವಾಟ್ಸಾಪ್ ಕರೆ ಹಚ್ಚಿ ಅಮ್ಮನ ಹತ್ತಿರ ಕಷಾಯದ ವಿಷಯ ಕೇಳುವುದು ನಮ್ಮೆಲ್ಲರ ಸಹಜ ನಡೆ. ಕೇಳಿ, ಆದರೆ ಬೇರೆ ಫೋನಿನಲ್ಲಿ.

ಕರೆ ತಪ್ಪಿತೇ? ಕೂತು ಕಾಯಬೇಡಿ. ಮತ್ತೆ 111 ಒತ್ತಿ, ರೋಗಿಯ ಹೆಸರು, ಹುಟ್ಟಿದ ದಿನಾಂಕ, ಪೋಸ್ಟ್‌ಕೋಡ್ ಹೇಳಿ, ವಾಪಸ್ ಕರೆ ತಪ್ಪಿಹೋಯಿತು ಎನ್ನಿ. ಹಳೆಯ ಕೇಸ್ ತೆರೆಯುತ್ತಾರೆ. ಮೊದಲ ಕರೆಯಲ್ಲೇ ಕೇಸ್ ನಂಬರ್ ಕೇಳಿ ಬರೆದಿಟ್ಟುಕೊಂಡಿದ್ದರೆ ಇನ್ನೂ ಸುಲಭ. ಗಡುವು ಮೀರಿದರೂ ಹೀಗೇ ಮಾಡಿ. ಹೇಳಿದ ಗಂಟೆಯೊಳಗೆ ಕರೆ ಬರದಿರುವುದು ಜನಜಂಗುಳಿಯ ದಿನಗಳಲ್ಲಿ ಸಾಮಾನ್ಯ. ಈ ನಡುವೆ ಕಾಯಿಲೆ ಏರಿದರೆ ಅದನ್ನೇ ಮೊದಲ ವಾಕ್ಯವಾಗಿ ಹೇಳಿ, ಏಕೆಂದರೆ ಗಡುವು ನಿರ್ಧಾರವಾದದ್ದು ಹಳೆಯ ಲಕ್ಷಣಗಳ ಮೇಲೆ. ಉಸಿರಿಗೆ ಕಷ್ಟ, ಎದೆ ಹಿಂಡುವ ನೋವು, ಎಚ್ಚರ ತಪ್ಪುವುದು ಕಂಡರೆ 111ರ ಕರೆಗೆ ಕಾಯದೆ 999 ಮಾಡಿ.

ಭಾಷೆಯ ತೊಡಕು ಇಂಗ್ಲಿಷ್ ಬಾರದವರಿಗೆ ಮಾತ್ರ ಎಂದುಕೊಳ್ಳಬೇಡಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರೂ ಇಲ್ಲಿ ಸಿಕ್ಕಿಬೀಳುತ್ತಾರೆ. ಜ್ವರ 102 ಎಂದರೆ ಆ ಕಡೆಯವರಿಗೆ ಅರ್ಥವಾಗದು, ಇಲ್ಲಿ ಸೆಲ್ಸಿಯಸ್. 100.4 ಎಂದರೆ 38, 102.2 ಎಂದರೆ 39, 104 ಎಂದರೆ 40. ಮೂರು ತಿಂಗಳೊಳಗಿನ ಮಗುವಿಗೆ 38 ಮುಟ್ಟಿದರೆ, ಮೂರರಿಂದ ಆರು ತಿಂಗಳ ಮಗುವಿಗೆ 39 ಮುಟ್ಟಿದರೆ ತಡಮಾಡದೆ ಕೇಳಬೇಕು ಎಂಬುದು ಇಲ್ಲಿಯ ನಿಯಮ. ಊರಿನಿಂದ ತಂದ ಥರ್ಮಾಮೀಟರ್ ಪಕ್ಕಕ್ಕಿಟ್ಟು ಇಲ್ಲಿಯ ಡಿಜಿಟಲ್ ಒಂದನ್ನು ಕೊಳ್ಳಿ. 'ಲೂಸ್ ಮೋಷನ್' ಎಂದರೆ ತಿಳಿಯುವುದಿಲ್ಲ, 'ಡಯೇರಿಯಾ' ಎನ್ನಬೇಕು, ದಿನಕ್ಕೆ ಎಷ್ಟು ಸಲ ಎಂದು ಎಣಿಸಿಟ್ಟಿರಬೇಕು. ಡೋಲೋ 650 ಎಂದರೆ ತಲೆ ಕೆರೆದುಕೊಳ್ಳುತ್ತಾರೆ. ಪ್ಯಾರಾಸಿಟಮಾಲ್ 650 ಮಿಲಿಗ್ರಾಂ, ಎಷ್ಟು ಗಂಟೆಗೆ ಎಂದು ಹೇಳಿ. ಕಾಂಬಿಫ್ಲಾಮ್ ನುಂಗಿದ್ದರೆ ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಎರಡನ್ನೂ ಹೇಳಬೇಕು, ಇಲ್ಲದಿದ್ದರೆ ಅದರ ಮೇಲೆ ಇನ್ನಷ್ಟು ಪ್ಯಾರಾಸಿಟಮಾಲ್ ಬೀಳುತ್ತದೆ. ಅಪ್ಪ ಅಮ್ಮನ ಇಕೋಸ್ಪ್ರಿನ್‌ನಂಥ ಮಾತ್ರೆಗಳ ಮೂಲ ಹೆಸರು (ಆಸ್ಪಿರಿನ್, ಕ್ಲೋಪಿಡೋಗ್ರೆಲ್) ಒಂದು ಚೀಟಿಯಲ್ಲಿ ಫ್ರಿಜ್ ಮೇಲೆ ಅಂಟಿರಲಿ. ಜಾರಿ ಬಿದ್ದು ತಲೆಗೆ ಪೆಟ್ಟಾದಾಗ ರಕ್ತ ತೆಳುವಾಗಿಸುವ ಔಷಧಿಯ ಪ್ರಶ್ನೆ ಬಂದೇ ಬರುತ್ತದೆ, ಆ ಒಂದು ಉತ್ತರಕ್ಕೆ ದಾರಿಯೇ ಬದಲಾಗುತ್ತದೆ.

ಎದೆ ಉರಿಯನ್ನು 'ಚೆಸ್ಟ್ ಬರ್ನಿಂಗ್' ಎಂದು ಅನುವಾದಿಸಿದ ಗಳಿಗೆಗೆ ಪ್ರಶ್ನೆಗಳೆಲ್ಲ ಹೃದಯದತ್ತ ತಿರುಗುತ್ತವೆ, ಆಂಬುಲೆನ್ಸಿನ ಮಾತು ಬರುತ್ತದೆ. ಹುಳಿತೇಗು ಎಂಬುದು ಖಚಿತವಿದ್ದರೆ 'ಹಾರ್ಟ್‌ಬರ್ನ್' ಎನ್ನಿ. ಆದರೆ ನಮ್ಮ ಮನೆಗಳಲ್ಲಿ ಇದಕ್ಕಿಂತ ದೊಡ್ಡ ಅಪಾಯ ಇದರ ಉಲ್ಟಾ. ಬೆವರುತ್ತಾ, ದವಡೆ ಅಥವಾ ತೋಳಿಗೆ ನೋವು ಇಳಿಯುತ್ತಿದ್ದರೂ "ಏನಿಲ್ಲ, ಗ್ಯಾಸ್" ಎನ್ನುವ ಹಿರಿಯರು. ದಕ್ಷಿಣ ಏಷ್ಯಾದವರಲ್ಲಿ ಹೃದಯದ ಕಾಯಿಲೆ ಹೆಚ್ಚು, ಶುಗರ್ ಇದ್ದವರಲ್ಲಿ ನೋವು ಕಡಿಮೆ ಕಾಣಿಸಬಹುದು. ಅವರ ಮಾತು ಕೇಳಿ ಡೈಜೀನ್ ಕೊಟ್ಟು ಮಲಗಿಸಬೇಡಿ. ಅಲ್ಲಿ 111 ಕೂಡ ಅಲ್ಲ, 999.

ಬಣ್ಣದ ಪ್ರಶ್ನೆಗಳ ಬಗ್ಗೆಯೂ ಎಚ್ಚರ ಬೇಕು. ಮಗು ಬಿಳಿಚಿದೆಯೇ, ನೀಲಿಗಟ್ಟಿದೆಯೇ ಎಂದು ಕೇಳುತ್ತಾರೆ. ನಮ್ಮ ಚರ್ಮದ ಮೇಲೆ ಕೆನ್ನೆ ನೋಡಿದರೆ ಏನೂ ಕಾಣುವುದಿಲ್ಲ. ತುಟಿ, ನಾಲಿಗೆ, ಒಸಡು, ಅಂಗೈ, ಅಂಗಾಲು ನೋಡಿ ಉತ್ತರಿಸಿ. ಗಾಜಿನ ಲೋಟ ಒತ್ತಿದರೂ ಮಾಸದ, ಮೆನಿಂಜೈಟಿಸ್‌ನ ಸೂಚನೆಯಾಗಿರಬಹುದಾದ ದದ್ದನ್ನೂ ಅಂಗೈ, ಅಂಗಾಲು, ಕಣ್ಣರೆಪ್ಪೆಯ ಒಳಭಾಗದಲ್ಲಿ ಹುಡುಕಬೇಕು.

ಇಂಗ್ಲಿಷ್ ಬಾರದ ತಂದೆತಾಯಿಗೆ ದುಭಾಷಿಯನ್ನು ಉಚಿತವಾಗಿ ಲೈನಿಗೆ ತರುತ್ತಾರೆ. ಭಾಷೆಯ ಹೆಸರು ಕೇಳಿದಾಗ 'ಕನ್ನಡ' ಎಂದರೆ ಅವರ ಕಿವಿಗೆ 'ಕೆನಡಾ' ಬೀಳುತ್ತದೆ, ಇಲ್ಲವೇ ಭಾರತೀಯರೆಂದು ಹಿಂದಿಯವರನ್ನು ಜೋಡಿಸುತ್ತಾರೆ. ದಕ್ಷಿಣ ಭಾರತದ ಭಾಷೆ ಎಂದು ಸೇರಿಸಿ, ಅಕ್ಷರ ಬಿಡಿಸಿ ಹೇಳಿ. ಮಗನೇ ಅನುವಾದ ಮಾಡುತ್ತಾನಲ್ಲ ಎನ್ನಬಹುದು. ಆದರೆ ಮೂತ್ರದ ಉರಿ, ಬಿಳಿಸೆರಗು ಇಂಥದ್ದನ್ನು ಅಮ್ಮ ಮಗನೆದುರು ಬಾಯಿಬಿಡುವುದಿಲ್ಲ, ಆ ಮೌನವೇ ತಪ್ಪು ಉತ್ತರವಾಗಿ ದಾಖಲಾಗುತ್ತದೆ.

ವಿಸಿಟರ್ ವೀಸಾದ ಮೇಲೆ ಬಂದ ಹಿರಿಯರಿಗೆ 111 ಕರೆ ಉಚಿತ, ಜಿ.ಪಿ. ನೋಡುವುದೂ ಉಚಿತ, ಎ ಅಂಡ್ ಇ ಚಿಕಿತ್ಸೆಯೂ ಉಚಿತ. ಬಿಲ್ ಶುರುವಾಗುವುದು ವಾರ್ಡಿಗೆ ದಾಖಲಾದಾಗ ಅಥವಾ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಮುಂದಿನ ಭೇಟಿ ಕೊಟ್ಟಾಗ, ಅದೂ ಎನ್‌ಎಚ್‌ಎಸ್ ದರದ ಶೇ. 150ರಂತೆ. ವೀಸಾ ಜೊತೆಗೇ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್‌ಚಾರ್ಜ್ ಕಟ್ಟಿ ಬಂದ ನಿಮಗೆ ಇದು ಅನ್ವಯಿಸದು, ಅದನ್ನು ಕಟ್ಟದ ಅವರಿಗೆ ಅನ್ವಯಿಸುತ್ತದೆ. 500 ಪೌಂಡ್ ಅಥವಾ ಹೆಚ್ಚಿನ ಬಾಕಿ ಎರಡು ತಿಂಗಳು ಉಳಿದರೆ ವೀಸಾ ನೋಡಿಕೊಳ್ಳುವ ಹೋಮ್ ಆಫೀಸಿಗೆ ತಿಳಿಸಬಹುದು, ಮುಂದಿನ ವೀಸಾಕ್ಕೆ ತೊಡಕು. ಈ ಭಯಕ್ಕೆ 111 ಮಾಡದೆ ಕೂರುವುದು ಮಾತ್ರ ದೊಡ್ಡ ತಪ್ಪು: ತುರ್ತು ಚಿಕಿತ್ಸೆಯನ್ನು ಹಣಕ್ಕಾಗಿ ತಡೆಹಿಡಿಯುವಂತಿಲ್ಲ, ಮೊದಲ ದಿನವೇ ನೋಡಿಸಿದರೆ ದಾಖಲಾತಿಯೇ ತಪ್ಪಬಹುದು. ದಾಖಲು ಮಾಡುವ ಮಾತು ಬಂದ ತಕ್ಷಣ ಟ್ರಾವೆಲ್ ಇನ್ಶೂರೆನ್ಸಿನವರಿಗೆ ಫೋನ್ ಮಾಡಿ. ಎಷ್ಟು ಹೊತ್ತಿನೊಳಗೆ ತಿಳಿಸಬೇಕೆಂದು ಪಾಲಿಸಿಯಲ್ಲೇ ಬರೆದಿರುತ್ತದೆ. ಬಿಪಿ ಮಾತ್ರೆ ಮುಗಿಯಿತೆಂದು ಊರಿನ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋದರೆ ಇಲ್ಲಿ ಕೊಡುವಂತಿಲ್ಲ. ಜಿ.ಪಿ. ಹತ್ತಿರ ತಾತ್ಕಾಲಿಕ ರೋಗಿಯಾಗಿ ಬರೆಸಿಕೊಳ್ಳಲು ಕೇಳಿ, ಅದನ್ನು ಮಾತ್ರೆ ಮುಗಿಯುವ ವಾರದ ಮೊದಲೇ ಮಾಡಿ.

"ಫಾರ್ಮಸಿಗೆ ಹೋಗಿ" ಎಂದರೆ ಸಾಗಹಾಕಿದರು ಎಂದು ಸಿಟ್ಟಾಗುವವರು ಬಹಳ. 2024ರ ಜನವರಿ 31ರಿಂದ ಇಂಗ್ಲೆಂಡಿನಲ್ಲಿ ಫಾರ್ಮಸಿ ಫಸ್ಟ್ ಇದೆ: ಗಂಟಲುನೋವು, ಸೈನಸ್, 1ರಿಂದ 17 ವಯಸ್ಸಿನವರ ಕಿವಿನೋವು, ಸೋಂಕಾದ ಕೀಟಕಡಿತ, ಇಂಪೆಟಿಗೊ (ಚರ್ಮದ ಸೋಂಕು), ಸರ್ಪಸುತ್ತು, 16ರಿಂದ 64 ವಯಸ್ಸಿನ ಮಹಿಳೆಯರ ಮೂತ್ರದ ಸೋಂಕು. ಈ ಏಳಕ್ಕೆ, ಅಗತ್ಯ ಕಂಡರೆ, ಫಾರ್ಮಸಿಸ್ಟರೇ ಆಂಟಿಬಯೋಟಿಕ್ (ಸರ್ಪಸುತ್ತಿಗಾದರೆ ಆಂಟಿವೈರಲ್) ಕೊಡಬಲ್ಲರು. ಅಗತ್ಯ ಕಾಣದಿದ್ದರೆ ಕೊಡುವುದಿಲ್ಲ, ಅದು ಒಳ್ಳೆಯದೇ. ಬೆಂಗಳೂರಿನಲ್ಲಿ ಸಂಜೆಯೊಳಗೆ ಡಾಕ್ಟರ ಮುಖ ನೋಡಿ, ರಕ್ತಪರೀಕ್ಷೆ ಮುಗಿಸಿ ಬರಬಹುದು. ಆ ವೇಗಕ್ಕೆ ಇಲ್ಲಿಯದು ಸಾಟಿಯಲ್ಲ. ಆದರೆ ಮೊದಲ ದಿನದ ಜ್ವರಕ್ಕೇ ಆಂಟಿಬಯೋಟಿಕ್ ಬರೆಯುವ ಅಲ್ಲಿಯ ಚಾಳಿಗಿಂತ ಇಲ್ಲಿಯ ಬಿಗಿ ಸರಿ. ನಡುರಾತ್ರಿ ಮಗು ನರಳುವಾಗ ಜೇಬು ನೋಡದೆ, ಯಾರಿಗೆ ಮೊದಲು ಎಂಬುದನ್ನು ಕಾಯಿಲೆಯ ತೀವ್ರತೆಯ ಮೇಲೆ ತೀರ್ಮಾನಿಸುವುದರಲ್ಲೂ ಇದೇ ವ್ಯವಸ್ಥೆ ಮೇಲು.

ಆನ್‌ಲೈನ್ 111 ಐದು ವರ್ಷ ಮತ್ತು ಮೇಲ್ಪಟ್ಟವರಿಗೆ ಮಾತ್ರ. ಚಿಕ್ಕ ಮಕ್ಕಳಿಗೆ ಫೋನೇ ಮಾಡಬೇಕು. ಒಂಟಿಯಾಗಿ ಓದಲು ಬಂದ ವಿದ್ಯಾರ್ಥಿಗಳು ನೆನಪಿಡಬೇಕಾದ್ದು, 111 ಒತ್ತಿ 2 ಆಯ್ಕೆ ಮಾಡಿದರೆ ಮಾನಸಿಕ ಆರೋಗ್ಯದ ತಂಡ ಹಗಲುರಾತ್ರಿ ಸಿಗುತ್ತದೆ.

111ರ ಮೂಲಕ ಎ ಅಂಡ್ ಇಗೆ ಸಿಕ್ಕ ಸಮಯವನ್ನು ಊರಿನ ಅಪಾಯಿಂಟ್‌ಮೆಂಟ್ ಎಂದುಕೊಳ್ಳಬೇಡಿ, ಅದು ಬರಬೇಕಾದ ಹೊತ್ತು ಅಷ್ಟೇ. ಹೆಚ್ಚು ಕಾಯಿಲೆಯವರು ಬಂದರೆ ನಿಮ್ಮ ಮುಂದೆಯೇ ಒಳಗೆ ಹೋಗುತ್ತಾರೆ. ಮಗುವಿಗೆ ಊಟ, ಚಾರ್ಜರ್, ಔಷಧಿ ಚೀಟಿ ಕಟ್ಟಿಕೊಂಡೇ ಹೊರಡಿ. ಕರೆಯ ವರದಿ ನಿಮ್ಮ ಜಿ.ಪಿ.ಗೆ ತಾನಾಗಿ ಹೋಗುತ್ತದೆ, ಆದರೆ ಅದನ್ನು ಓದಿ ಅವರೇ ಫೋನ್ ಮಾಡುತ್ತಾರೆಂದು ಕಾಯಬೇಡಿ. "ಜಿ.ಪಿ.ಯನ್ನು ನೋಡಿ" ಎಂದು 111 ಹೇಳಿದ್ದರೆ ಬೆಳಿಗ್ಗೆ 8ಕ್ಕೆ ಲೈನ್ ತೆರೆದ ಕೂಡಲೇ ನೀವೇ ಮಾಡಿ, 111 ಕೊಟ್ಟ ಗಡುವು ಎಷ್ಟು ಗಂಟೆಯದು ಎಂಬುದನ್ನು ರಿಸೆಪ್ಷನಿಸ್ಟರಿಗೆ ಮೊದಲ ಮಾತಿನಲ್ಲೇ ಹೇಳಿ.