ಹಳೆಯ ಪಿಕಪ್ಪಿನ ಇಂಜಿನ್ ಮಿಸ್ಸಿಂಗ್: ಬಿಡಿಭಾಗ ಕೊಳ್ಳುವ ಮೊದಲು ಸಿಲಿಂಡರ್ ಹುಡುಕಿ

ಹಳೆಯ ಪೆಟ್ರೋಲ್ ಪಿಕಪ್ ಟ್ರಕ್ಕಿನ ಇಂಜಿನ್ ನಿಂತಲ್ಲೇ ನಡುಗತೊಡಗಿದರೆ, ಏರಿನಲ್ಲಿ ಮುಗ್ಗರಿಸಿದರೆ, ಸೈಲೆನ್ಸರಿನ ಸದ್ದಿನಲ್ಲಿ ನಡುನಡುವೆ ಒಂದು ಬಡಿತ ತಪ್ಪಿದಂತೆ ಕೇಳಿಸಿದರೆ, ಬಹಳ ಮಂದಿ ಮೊದಲು ಹೊಸ ಸ್ಪಾರ್ಕ್ ಪ್ಲಗ್‌ಗಳನ್ನು ಕೊಂಡು ತರುತ್ತಾರೆ. ಅದರಿಂದ ಕೆಲವೊಮ್ಮೆ ದೋಷ ಹೋಗುವುದುಂಟು. ಹೋಗದಿದ್ದರೆ ಮುಂದೆ ವೈರು, ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಂದು ಒಂದೊಂದೇ ಭಾಗ ಬದಲಾಗುತ್ತ ಹೋಗುತ್ತದೆ, ಮಿಸ್ಸಿಂಗ್, ಅಂದರೆ ಈ ಬಡಿತ ತಪ್ಪುವ ದೋಷ, ಮಾತ್ರ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಹಣ ಖರ್ಚು ಮಾಡುವ ಮೊದಲು ಎರಡು ಸಂಗತಿಗಳನ್ನು ಖಚಿತಪಡಿಸಿಕೊಳ್ಳಬೇಕು: ಇಂಜಿನ್ ಯಾವ ಸ್ಥಿತಿಯಲ್ಲಿ ಬಡಿತ ತಪ್ಪುತ್ತಿದೆ ಮತ್ತು ಯಾವ ಸಿಲಿಂಡರಿನಲ್ಲಿ ತಪ್ಪುತ್ತಿದೆ.

ಸ್ಥಿತಿಯನ್ನು ಗಮನಿಸಲು ಯಾವ ಉಪಕರಣವೂ ಬೇಕಿಲ್ಲ. ಐಡ್ಲಿಂಗ್‌ನಲ್ಲಿ (ಗಾಡಿ ನಿಂತು ಇಂಜಿನ್ ತನ್ನಷ್ಟಕ್ಕೆ ನಿಧಾನವಾಗಿ ಓಡುವಾಗ) ಮಾತ್ರ ನಡುಗಿ, ವೇಗ ಹೆಚ್ಚಿಸಿದೊಡನೆ ಸರಿಯಾಗುವ ಇಂಜಿನ್ನಿನಲ್ಲಿ ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಎಲ್ಲಿಂದಲೋ ಹೆಚ್ಚುವರಿ ಗಾಳಿ ನುಗ್ಗುತ್ತಿರುವ ಸಾಧ್ಯತೆ ಹೆಚ್ಚು. ಐಡ್ಲಿಂಗ್‌ನಲ್ಲಿ ಸರಿಯಾಗಿದ್ದು ಭಾರ ಬಿದ್ದಾಗ ತಪ್ಪಿದರೆ ಕಿಡಿ ದುರ್ಬಲವಾಗಿದೆ ಅಥವಾ ಇಂಧನ ಸಾಲುತ್ತಿಲ್ಲ ಎಂದು ಅನುಮಾನಿಸಬೇಕು. ತೇವದ ದಿನಗಳಲ್ಲಷ್ಟೇ ಕಾಣಿಸಿಕೊಳ್ಳುವ ಮಿಸ್ಸಿಂಗ್ ಸಾಮಾನ್ಯವಾಗಿ ಪ್ಲಗ್ ವೈರು ಇಲ್ಲವೇ ಕಿಡಿಯ ವಿದ್ಯುತ್ತನ್ನು ಸರದಿಯಂತೆ ಪ್ಲಗ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನತ್ತ ಬೆರಳು ತೋರಿಸುತ್ತದೆ. ಇಂಜಿನ್ ಚೆನ್ನಾಗಿ ಕಾದ ಮೇಲಷ್ಟೇ ಶುರುವಾದರೆ ಕಾಯಿಲ್ ಅಥವಾ ಅದನ್ನು ನಿಯಂತ್ರಿಸುವ ಇಗ್ನಿಷನ್ ಮಾಡ್ಯೂಲನ್ನು ನೋಡಬೇಕು.

ಇನ್ನು ಸಿಲಿಂಡರ್. ಅಮೆರಿಕದಲ್ಲಿ 1996ರಿಂದ ಮಾರಾಟವಾದ ಲಘು ಟ್ರಕ್ಕುಗಳಲ್ಲಿ ದೋಷಗಳನ್ನು ಕೋಡುಗಳಾಗಿ ದಾಖಲಿಸುವ ಒಬಿಡಿ-2 ವ್ಯವಸ್ಥೆಯಿದ್ದು, ಸ್ಕ್ಯಾನರ್ ಜೋಡಿಸಿದರೆ ಪಿ0301, ಪಿ0302 ಮುಂತಾದ ಕೋಡುಗಳ ಕೊನೆಯ ಅಂಕಿಯೇ ಸಿಲಿಂಡರ್ ಸಂಖ್ಯೆಯನ್ನು ಹೇಳುತ್ತದೆ. ಪಿ0300 ಬಂದರೆ ದೋಷ ಒಂದೇ ಸಿಲಿಂಡರಿಗೆ ಅಂಟಿಕೊಂಡಿಲ್ಲವೆಂದು ತಿಳಿದು, ಇಂಧನದ ಒತ್ತಡ, ಗಾಳಿಯ ಸೋರಿಕೆ, ಕಾಯಿಲ್ ಮುಂತಾದ ಎಲ್ಲಕ್ಕೂ ಸಾಮಾನ್ಯವಾದ ಭಾಗಗಳಿಂದ ಹುಡುಕಾಟ ಆರಂಭಿಸಬೇಕು. ಇಂಜಿನ್ ಸೂಚಕ ದೀಪ ಮಿನುಗುತ್ತಿದ್ದರೆ ಗಾಡಿಯನ್ನು ಓಡಿಸಬಾರದು. ಉರಿಯದ ಪೆಟ್ರೋಲ್ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಉರಿದು ಅದನ್ನೇ ಹಾಳುಮಾಡುತ್ತದೆ.

ಕೋಡ್ ಓದಲಾಗದ ಗಾಡಿಯಲ್ಲಿ, ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಇಂಜೆಕ್ಟರ್ ಇದ್ದರೆ, ಐಡ್ಲಿಂಗ್‌ನಲ್ಲಿ ಒಂದೊಂದೇ ಇಂಜೆಕ್ಟರಿನ ಕನೆಕ್ಟರನ್ನು ಕಳಚಿ ನೋಡಬಹುದು. ಯಾವುದನ್ನು ಕಳಚಿದಾಗ ಇಂಜಿನ್ನಿನ ವೇಗ ಇಳಿಯುವುದಿಲ್ಲವೋ ಆ ಸಿಲಿಂಡರ್ ಮೊದಲಿನಿಂದಲೂ ಕೆಲಸ ಮಾಡುತ್ತಿರಲಿಲ್ಲ. ಕಾರ್ಬ್ಯುರೇಟರ್ ಇಂಜಿನ್ನಿನಲ್ಲಿ ಇದೇ ಪರೀಕ್ಷೆಯನ್ನು ಪ್ಲಗ್ ವೈರಿನ ಮೂಲಕ ಮಾಡಬೇಕಾಗುತ್ತದೆ. ಓಡುತ್ತಿರುವ ಇಂಜಿನ್ನಿನಿಂದ ವೈರನ್ನು ಕೈಯಲ್ಲಿ ಕೀಳುವ ಹಳೆಯ ಅಭ್ಯಾಸವನ್ನು ಮಾತ್ರ ಬಿಡಬೇಕು. ಸಾವಿರಾರು ವೋಲ್ಟಿನ ಹೊಡೆತ ಕೈಗೆ ಬೀಳುತ್ತದೆ, ಹೋಗಲು ದಾರಿ ಸಿಗದ ವಿದ್ಯುತ್ತು ಕಾಯಿಲನ್ನೂ ಕೆಡಿಸಬಹುದು. ಇಂಜಿನ್ ನಿಲ್ಲಿಸಿ, ವೈರಿನ ತುದಿಯನ್ನು ಸ್ಪಾರ್ಕ್ ಟೆಸ್ಟರಿಗೆ ಸಿಕ್ಕಿಸಿ, ಟೆಸ್ಟರನ್ನು ಇಂಜಿನ್ನಿನ ಲೋಹಕ್ಕೆ ಕಚ್ಚಿಸಿ, ಆಮೇಲೆ ಸ್ಟಾರ್ಟ್ ಮಾಡುವುದೇ ಸರಿಯಾದ ಕ್ರಮ.

ಸಿಲಿಂಡರ್ ಗೊತ್ತಾದ ಮೇಲೆ ಅದರ ಪ್ಲಗ್ಗನ್ನು ಬಿಚ್ಚಿ, ಉಳಿದವುಗಳ ಪಕ್ಕದಲ್ಲಿಟ್ಟು ನೋಡಬೇಕು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಹೆಚ್ಚು ಮಾಹಿತಿ ಕೊಡುವ ಐದು ನಿಮಿಷಗಳು ಇವೇ. ತುದಿ ತಿಳಿಗಂದು ಬಣ್ಣದ್ದಾಗಿದ್ದರೆ ದಹನ ಸರಿಯಾಗಿದೆ. ಒಣ ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಕಿಡಿ ಸಾಲದಾಗಿದೆ. ಪೆಟ್ರೋಲಿನಿಂದ ಒದ್ದೆಯಾಗಿ ವಾಸನೆ ಹೊಡೆಯುತ್ತಿದ್ದರೆ ಇಂಧನ ಬರುತ್ತಿದೆ, ಉರಿಯುತ್ತಿಲ್ಲ ಎಂದರ್ಥ. ಎಣ್ಣೆಯ ಜಿಡ್ಡು ಕಂಡರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಉಳಿದೆಲ್ಲ ಪ್ಲಗ್‌ಗಳಲ್ಲಿ ಬಣ್ಣವಿದ್ದು ಇದೊಂದೇ ತೊಳೆದಿಟ್ಟಂತೆ ಬೆಳ್ಳಗಿದ್ದರೆ ಕೂಲೆಂಟ್ ಆ ಸಿಲಿಂಡರಿಗೆ ಸೋರುತ್ತಿರಬಹುದು. ಪಿಂಗಾಣಿಯ ಮೇಲೆ ಉದ್ದಕ್ಕೆ ಪೆನ್ಸಿಲ್ ಗೆರೆಯಂತಹ ಕಪ್ಪು ಗುರುತಿದ್ದರೆ ಕಿಡಿ ಒಳಗೆ ಹಾರದೆ ಹೊರಮೈಯಲ್ಲೇ ಹರಿದು ಹೋಗಿದೆ. ಆಗ ಪ್ಲಗ್ಗಿನ ಜೊತೆಗೆ ವೈರಿನ ರಬ್ಬರ್ ಬೂಟನ್ನೂ ಬದಲಿಸಬೇಕು.

ಕಿಡಿಯ ಪರೀಕ್ಷೆಯಲ್ಲಿ ಒಂದು ಮೋಸವಿದೆ. ಪ್ಲಗ್ಗನ್ನು ಇಂಜಿನ್ನಿಗೆ ತಾಗಿಸಿ ಹಿಡಿದಾಗ ಕಿಡಿ ಕಂಡಿತೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ, ಏಕೆಂದರೆ ಬಯಲು ಗಾಳಿಯಲ್ಲಿ ಹಾರುವುದಕ್ಕಿಂತ ಸಿಲಿಂಡರಿನ ಒತ್ತಡದಲ್ಲಿ ಹಾರಲು ಕಿಡಿಗೆ ಬಹಳ ಹೆಚ್ಚು ವೋಲ್ಟೇಜ್ ಬೇಕು. ಅಂತರ ಹೊಂದಿಸಬಹುದಾದ ಸ್ಪಾರ್ಕ್ ಟೆಸ್ಟರ್ ಬಳಸುವುದು ಇದೇ ಕಾರಣಕ್ಕೆ. ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಗೆ ಕೂದಲೆಳೆಯಂತಹ ಬಿರುಕು, ಇಂಗಾಲದ ಗೆರೆ, ಸವೆದ ನಡುಗುಬ್ಬಿ, ಒಳಗೆ ತಿರುಗುವ ರೋಟರಿನ ಸುಟ್ಟ ತುದಿ ಇವುಗಳನ್ನು ಬೆಳಕಿನಲ್ಲಿ ಹುಡುಕಬೇಕು. ಕತ್ತಲಲ್ಲಿ ಇಂಜಿನ್ ಓಡಿಸಿ, ಬೆಲ್ಟು ಮತ್ತು ಫ್ಯಾನಿನಿಂದ ದೂರವಿದ್ದು, ವೈರುಗಳ ಮೇಲೆ ನೀರನ್ನು ಮಂಜಿನಂತೆ ಸಿಂಪಡಿಸಿದರೆ ಸೋರುವ ಜಾಗದಲ್ಲಿ ನೀಲಿ ಕಿಡಿ ಕಾಣುತ್ತದೆ.

ವೈರುಗಳ ಜಾಗವನ್ನೂ ನೋಡಬೇಕು. ಹಳೆಯ ಷೆವ್ರೊಲೆ ಸ್ಮಾಲ್ ಬ್ಲಾಕ್ ವಿ8 ಇಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-8-4-3-6-5-7-2. ಇದರಲ್ಲಿ ಅಕ್ಕಪಕ್ಕದಲ್ಲಿರುವ 5 ಮತ್ತು 7ನೇ ಸಿಲಿಂಡರುಗಳು ಒಂದರ ಹಿಂದೊಂದು ಉರಿಯುವುದರಿಂದ, ಅವೆರಡರ ವೈರುಗಳನ್ನು ಉದ್ದಕ್ಕೂ ಅಂಟಿಸಿ ಎಳೆದರೆ ಒಂದರ ಕಿಡಿ ಇನ್ನೊಂದರಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಹಾರಬಹುದು. ವೈರುಗಳೆಲ್ಲ ಹೊಸವಾಗಿದ್ದೂ ಮಿಸ್ಸಿಂಗ್ ಹೋಗದಿರಲು ಇಷ್ಟೇ ಸಾಕು.

ಅನುಮಾನವಿರುವ ಭಾಗವನ್ನು ಚೆನ್ನಾಗಿರುವ ಸಿಲಿಂಡರಿಗೆ ಬದಲಿಸಿ ನೋಡುವುದು ಖರ್ಚಿಲ್ಲದ ಪರೀಕ್ಷೆ. ಪ್ಲಗ್, ಅಥವಾ ಸಿಲಿಂಡರಿಗೊಂದರಂತೆ ಇರುವ ಕಾಯಿಲ್, ಹೊಸ ಜಾಗಕ್ಕೆ ಹೋದಾಗ ದೋಷವೂ ಅದರೊಂದಿಗೆ ಹೋದರೆ ಕಳ್ಳ ಸಿಕ್ಕಂತೆ. ಎರಡು ಭಾಗಗಳನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕಾರಣವೆಂದು ತಿಳಿಯುವುದಿಲ್ಲ. ಇಂಜೆಕ್ಟರಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ತಾಗಿಸಿ ಹಿಡಿಗೆ ಕಿವಿಯಿಟ್ಟರೆ ಟಿಕ್ ಟಿಕ್ ಸದ್ದು ಕೇಳಬೇಕು. ಸದ್ದಿಲ್ಲದಿದ್ದರೆ ವೈರಿಂಗನ್ನೂ ಇಂಜೆಕ್ಟರನ್ನೂ ಪರೀಕ್ಷಿಸಬೇಕು. ಗಾಳಿಯ ಸೋರಿಕೆಗೆ ಒಣಗಿ ಬಿರಿದ ವ್ಯಾಕ್ಯೂಮ್ ಹೋಸುಗಳೇ ಮೊದಲ ಅನುಮಾನಿಗಳು. ಒಂದೊಂದೇ ಹೋಸನ್ನು ಚಿವುಟಿ ಹಿಡಿದಾಗ ಐಡ್ಲಿಂಗ್ ಬದಲಾದರೆ ಸೋರಿಕೆ ಆ ಹಾದಿಯಲ್ಲಿರಬಹುದು. ಕಾದ ಇಂಜಿನ್ನಿನ ಮೇಲೆ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ಹುಡುಕುವವರಿದ್ದಾರೆ. ಅದು ಹೊತ್ತಿಕೊಳ್ಳುವ ದ್ರವವಾದ್ದರಿಂದ ನಾನು ಅದನ್ನು ಸೂಚಿಸುವುದಿಲ್ಲ.

ಕಿಡಿ, ಇಂಧನ, ಗಾಳಿ ಮೂರೂ ಸರಿಯಿದ್ದು ಅದೇ ಸಿಲಿಂಡರ್ ಸುಮ್ಮನಿದ್ದರೆ ಕಂಪ್ರೆಷನ್, ಅಂದರೆ ಪಿಸ್ಟನ್ ಒತ್ತಿದಾಗ ಸಿಲಿಂಡರಿನೊಳಗೆ ಏರುವ ಒತ್ತಡವನ್ನು, ಅಳೆಯಬೇಕು. ಬೆಚ್ಚಗಿರುವ ಇಂಜಿನ್ನಿನ ಎಲ್ಲ ಪ್ಲಗ್‌ಗಳನ್ನೂ ಬಿಚ್ಚಿ, ಇಗ್ನಿಷನ್ ಮತ್ತು ಇಂಧನವನ್ನು ಕಡಿದು, ಥ್ರಾಟಲನ್ನು ಪೂರ್ತಿ ತೆರೆದಿಟ್ಟು, ಪ್ರತಿ ಸಿಲಿಂಡರಿಗೂ ಒಂದೇ ಸಂಖ್ಯೆಯ ಸುತ್ತುಗಳನ್ನು ಕೊಡಬೇಕು. ಹಲವು ಪೆಟ್ರೋಲ್ ಇಂಜಿನ್‌ಗಳಲ್ಲಿ 120ರಿಂದ 180 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಬರುತ್ತದೆಯಾದರೂ, ಒಟ್ಟು ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ಅತಿ ಕಡಿಮೆಯದು ಅತಿ ಹೆಚ್ಚಿನದರ ಶೇಕಡ 75ಕ್ಕಿಂತ ಕೆಳಗಿರಬಾರದೆಂಬುದು ಸಾಮಾನ್ಯ ಅಳತೆ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ಅಳೆದಾಗ ಒತ್ತಡ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ದೋಷ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟಿನಲ್ಲಿದೆ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕಡಿಮೆ ತೋರಿಸಿದರೆ ಅವುಗಳ ನಡುವೆ ಗ್ಯಾಸ್ಕೆಟ್ ಒಡೆದಿರುವುದು ಬಹುಮಟ್ಟಿಗೆ ಖಚಿತ. ಟ್ಯಾಪೆಟ್ ಅಂತರವನ್ನು (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು) ಕೈಯಿಂದ ಹೊಂದಿಸಬೇಕಾದ ಇಂಜಿನ್ನಾಗಿದ್ದರೆ, ಹೆಡ್ ಬಿಚ್ಚುವ ಮೊದಲು ಆ ಅಂತರವನ್ನು ಫೀಲರ್ ಗೇಜಿನಿಂದ ಅಳೆಯಿರಿ, ಏಕೆಂದರೆ ಅಂತರ ಬಿಗಿಯಾಗಿ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದಿದ್ದರೂ ಕಂಪ್ರೆಷನ್ ಗೇಜು ಸುಟ್ಟ ವಾಲ್ವಿನ ಹಾಗೆಯೇ ಕಡಿಮೆ ತೋರಿಸುತ್ತದೆ.